ನಿಂತ ಲಾರಿಗೆ ಗಾಳಿ

ಮಾರ್ಚ್ ಮುಗಿಯುವ ಹೊತ್ತಿಗೆ ನನ್ನ ಅಂಗಡಿಗೆ ಬರುವ ಲಾರಿ ಚಾಲಕರ ದೂರು ಹೆಚ್ಚುಕಮ್ಮಿ ಒಂದೇ ಆಗಿರುತ್ತದೆ. "ಮೇಸ್ತ್ರಿ, ರೋಡಿನಾಗ ಓಡ್ಬೇಕಾದ್ರ ಎಸಿ ಚಲೋ ಐತ್ರಿ. ಕಾಟಾದ ಮುಂದ ಗಾಡಿ ನಿಂತ್ರ ಮುಗೀತು, ಬರೇ ಬಿಸಿ ಗಾಳಿ. ಗ್ಯಾಸ್ ಕಮ್ಮಿ ಆಗಿರ್ಬೇಕು, ತುಂಬಿಸಿಬಿಡ್ರಿ."

ಈ ಮಾತಿನ ಮೊದಲರ್ಧದಲ್ಲಿ ರೋಗದ ಗುರುತೆಲ್ಲ ಇದೆ. ಕೊನೆಗೆ ಹೇಳುವ ಮದ್ದು ಮಾತ್ರ ತಪ್ಪು. ಗ್ಯಾಸ್ ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ಗಾಡಿ ಓಡುವಾಗಲೂ ತಂಪು ಕುಂದಬೇಕಿತ್ತು. ಓಡುವಾಗ ಸರಿಯಿದ್ದು ನಿಂತಾಗ ಕೈಕೊಡುತ್ತದೆ ಎಂದರೆ ಮೊದಲು ಅನುಮಾನಪಡಬೇಕಾದದ್ದು ಗಾಳಿಯನ್ನು. ಗ್ಯಾಸ್ ಸಾಕಷ್ಟಿರುವ ಗಾಡಿಗೆ ಮತ್ತೆ ಗ್ಯಾಸ್ ತುರುಕಿದರೆ ಕಾಟಾದ (ಲಾರಿ ತೂಗುವ ಕಟ್ಟೆಯ) ಮುಂದೆ ಆಗುವ ಪಾಡು ಇನ್ನೂ ಕೆಡುತ್ತದೆ. ಏಕೆ ಎಂದು ಮುಂದೆ ಹೇಳುತ್ತೇನೆ.

ನಾನು ಹೊಸಪೇಟೆಯ ಬೈಪಾಸ್ ಪಕ್ಕದಲ್ಲಿ ಲಾರಿಗಳ ಕರೆಂಟು ಕೆಲಸ ಮಾಡುವವನು. ಸೆಲ್ಫು, ಡೈನಮೋ, ಲೈಟು, ವೈರಿಂಗು ನನ್ನ ಮೂಲ ಕಸುಬು. ಎಸಿ ಕೆಲಸ ಆಮೇಲೆ ಸೇರಿಕೊಂಡಿತು. ನಮ್ಮೂರಿನಲ್ಲಿ 50 ಮತ್ತು 67ನೇ ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು, ಗಂಗಾವತಿಯ ಅಕ್ಕಿ ಎಲ್ಲವನ್ನೂ ಹೊತ್ತ ಗಾಡಿಗಳು ಈ ಸುತ್ತಿನಲ್ಲೇ ತಿರುಗುತ್ತವೆ. ಹೊರಗಿನವರ ಕಣ್ಣಿಗೆ ಲಾರಿಯೆಂದರೆ ಓಡುವ ವಾಹನ. ಚಾಲಕರನ್ನು ಕೇಳಿ ನೋಡಿ, ಎಷ್ಟು ಹೊತ್ತು ನಿಂತೇ ಕಳೆಯುತ್ತದೆ ಎಂದು ಹೇಳುತ್ತಾರೆ: ಲೋಡಿಂಗಿಗೆ ಪಾಳಿ, ಕಾಟಾಕ್ಕೆ ಪಾಳಿ, ಕಾರ್ಖಾನೆಯ ಗೇಟಿನಲ್ಲಿ ಮತ್ತೊಂದು ಪಾಳಿ. ಮುಂದಿನ ಗಾಡಿ ಹತ್ತಡಿ ಸರಿದರೆ ಇವರೂ ಸರಿಯಬೇಕು, ಎಂಜಿನ್ ಆರಿಸಿ ಕೂರುವಂತಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ಮುಟ್ಟುವ ಸೀಮೆ ಇದು. ರಾಯಚೂರು, ಕಲಬುರಗಿ ಕಡೆ ಹೋದರೆ ಇನ್ನೂ ಜಾಸ್ತಿ. ಸಾಲದ್ದಕ್ಕೆ, ಈಗಿನ ಬಹುಪಾಲು ಲಾರಿಗಳಲ್ಲಿ ಚಾಲಕ ಕೂರುವುದೇ ಎಂಜಿನ್ನಿನ ನೆತ್ತಿಯ ಮೇಲೆ.

ಹಿಂದೆ ಲಾರಿಗೂ ಎಸಿಗೂ ಸಂಬಂಧವೇ ಇರಲಿಲ್ಲ. ಕಂಪನಿಯಿಂದ ಚಾಸಿ ಬರುತ್ತಿತ್ತು. ಮರ, ತಗಡು ಸೇರಿಸಿ ಕ್ಯಾಬಿನ್ ಕಟ್ಟುತ್ತಿದ್ದವರು ಬಾಡಿ ಬಿಲ್ಡರುಗಳು. ಬಾಗಿಲ ಸಂದಿನಲ್ಲಿ ಬೆರಳು ತೂರುತ್ತಿದ್ದ ಅಂಥ ಕ್ಯಾಬಿನ್ನಿನಲ್ಲಿ ಎಸಿ ಇಟ್ಟರೂ ತಂಪು ನಿಲ್ಲುತ್ತಿರಲಿಲ್ಲ. ಈಗ ಕಾನೂನೇ ಬದಲಾಗಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಎನ್-2 ಮತ್ತು ಎನ್-3 ವರ್ಗದ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಸರಕು ಸೇರಿ ಮೂರೂವರೆ ಟನ್ನಿಗಿಂತ ಹೆಚ್ಚು, 12 ಟನ್ನಿನ ತನಕ ತೂಗುವವು ಎನ್-2. ಅದಕ್ಕೂ ದೊಡ್ಡವು ಎನ್-3. ಹಳೆಯ ಲಾರಿಗಳಿಗೆ ಈ ನಿಯಮವಿಲ್ಲ. ಆದರೂ ಹೊರಗಿನಿಂದ ಕಿಟ್ ತಂದು ಕೂರಿಸಿಕೊಳ್ಳುವವರು ಇದ್ದಾರೆ, ನಿಂತಾಗ ತಂಪಿಲ್ಲ ಎಂಬ ದೂರು ಹೆಚ್ಚಾಗಿ ಬರುವುದೂ ಅವರಿಂದಲೇ.

ಬಿಸಿಯನ್ನು ಹೊರುವ ಲಾರಿ

ಎಸಿಯೊಳಗೆ ತಂಪು ತಯಾರಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಚಾಲಕರಿಗೆ ನಾನು ಅದನ್ನು ಅವರದೇ ಕಸುಬಿನ ಮಾತಿನಲ್ಲಿ ಹೇಳುತ್ತೇನೆ. ಎಸಿಯೂ ಒಂದು ಲಾರಿಯೇ. ಅದು ಹೊರುವ ಲೋಡು ಕ್ಯಾಬಿನ್ನಿನ ಬಿಸಿ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್ ಲೋಡಿಂಗ್ ಪಾಯಿಂಟು. ಮುಂದಿನ ಜಾಲರಿಯ ಹಿಂದೆ, ರೇಡಿಯೇಟರಿನ ಎದುರಿಗೆ ನಿಂತಿರುವ ಕಂಡೆನ್ಸರ್ ಅನ್‌ಲೋಡಿಂಗ್ ಪಾಯಿಂಟು. ಕಂಪ್ರೆಸರ್ ದೂಡುವ ಗ್ಯಾಸು ಇವೆರಡರ ನಡುವೆ ಟ್ರಿಪ್ಪು ಹೊಡೆಯುತ್ತಿರುತ್ತದೆ. ಅನ್‌ಲೋಡ್ ಆಗದ ಗಾಡಿ ಎರಡನೇ ಲೋಡಿಗೆ ಹೋಗುವುದು ಹೇಗೆ?

ಇನ್ನು ಲೆಕ್ಕದ ಮಾತು. ನಮ್ಮ ಲಾರಿ, ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್-134ಎ ಎಂಬ ಗ್ಯಾಸು. ತೆರೆದ ಗಾಳಿಯಲ್ಲಿ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದು ಆವಿಯಾಗುತ್ತದೆ. ಒತ್ತಡ ಏರಿಸಿದಂತೆ ಕುದಿಯುವ ಮಟ್ಟವೂ ಏರುತ್ತದೆ. ಒತ್ತಡ ಅಳೆಯುವ ಗೇಜಿನಲ್ಲಿ 30 ಪಿಎಸ್‌ಐ ತೋರಿಸುವಾಗ ಅದು ಕುದಿಯುವುದು ಸುಮಾರು 1 ಡಿಗ್ರಿಯಲ್ಲಿ. ಕೂಲಿಂಗ್ ಕಾಯಿಲಿನಲ್ಲಿ ಇರಬೇಕಾದ ಸ್ಥಿತಿ ಇದೇ: ಅಷ್ಟು ತಣ್ಣಗೆ ಕುದಿಯುತ್ತ ಕ್ಯಾಬಿನ್ನಿನ ಗಾಳಿಯಿಂದ ಬಿಸಿಯನ್ನು ಹೀರಿಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರ್ ಅದುಮಿ 200 ಪಿಎಸ್‌ಐಗೆ ಏರಿಸಿದಾಗ ಅದು ಮತ್ತೆ ದ್ರವವಾಗುವ ಮಟ್ಟ 55 ಡಿಗ್ರಿ. ಹೊರಗಿನ ಗಾಳಿ 40 ಡಿಗ್ರಿ ಇದ್ದರೂ 55 ಡಿಗ್ರಿಯ ಕಂಡೆನ್ಸರಿಗೆ ಅದು ತಂಪೇ. ಬಿಸಿಯನ್ನು ಅದಕ್ಕೆ ಒಪ್ಪಿಸಿ ಗ್ಯಾಸು ದ್ರವವಾಗಿ ವಾಪಸು ಹೊರಡುತ್ತದೆ.

ಕಂಡೆನ್ಸರಿನ ಮೇಲೆ ಗಾಳಿ ಹಾಯದಿದ್ದರೆ ಬಿಸಿ ಅಲ್ಲೇ ಕೂಡಿಕೊಳ್ಳುತ್ತದೆ. ಅದನ್ನು ಹೊರದಬ್ಬಲು ಗ್ಯಾಸು ಇನ್ನಷ್ಟು ಕಾಯಬೇಕು, ಒತ್ತಡ ಏರಲೇಬೇಕು. 65 ಡಿಗ್ರಿಗೆ 260 ಪಿಎಸ್‌ಐ, 75 ಡಿಗ್ರಿಗೆ ಸುಮಾರು 330. ಹೀಗೇ ಏರುತ್ತ 400 ದಾಟುವ ಹೊತ್ತಿಗೆ ಹೆಚ್ಚಿನ ಗಾಡಿಗಳಲ್ಲಿ ಪ್ರೆಶರ್ ಸ್ವಿಚ್ಚು ಕಂಪ್ರೆಸರನ್ನೇ ಕಟಾಫ್ ಮಾಡುತ್ತದೆ. ಅಲ್ಲಿಯತನಕ ಹೋಗದಿದ್ದರೂ ತೊಂದರೆ ತಪ್ಪಿದ್ದಲ್ಲ. ಕಂಡೆನ್ಸರಿನ ಕಡೆಯ ಒತ್ತಡ ಏರಿದಾಗ ಕೂಲಿಂಗ್ ಕಾಯಿಲಿನ ಕಡೆಯ ಒತ್ತಡವೂ ಏರುತ್ತದೆ. ಕಾಯಿಲಿನಲ್ಲಿ 30 ಇರಬೇಕಾದದ್ದು 50 ಆದರೆ ಗ್ಯಾಸು ಕುದಿಯುವುದೇ 12 ಡಿಗ್ರಿಯಲ್ಲಿ. ಅದರ ಮೇಲೆ ಹಾಯ್ದು ಬರುವ ಗಾಳಿ ಚಾಲಕನ ಮುಖಕ್ಕೆ ಎಲ್ಲಿಂದ ತಂಪು ತರಬೇಕು?

ಹೆಚ್ಚು ಗ್ಯಾಸ್ ಏಕೆ ಕೆಡುಕು ಎಂಬುದೂ ಇಲ್ಲೇ ತಿಳಿಯುತ್ತದೆ. ಮಿತಿಮೀರಿ ತುಂಬಿದ ಗ್ಯಾಸು ದ್ರವವಾಗಿ ಕಂಡೆನ್ಸರಿನ ಕೆಳಗಿನ ಕೊಳವೆಗಳಲ್ಲಿ ನಿಂತುಬಿಡುತ್ತದೆ. ಬಿಸಿ ಇಳಿಸಲು ಇದ್ದ ಜಾಗ ಅಷ್ಟು ಕಿರಿದಾಗುತ್ತದೆ, ಒತ್ತಡ ಇನ್ನೂ ಮೇಲೇರುತ್ತದೆ.

ಎಂಜಿನ್ನಿನ ಫ್ಯಾನ್ ಏಕೆ ಸಾಲದು

"ಎಂಜಿನ್ನಿಗೆ ಅಷ್ಟು ದೊಡ್ಡ ಫ್ಯಾನ್ ಐತಲ್ಲ, ಅದು ಎಳಿಯಂಗಿಲ್ಲೇನು?" ಎಂದು ಚಾಲಕರು ಕೇಳುವುದುಂಟು. ಎಳೆಯುತ್ತದೆ, ಆದರೆ ಅದು ಎಂಜಿನ್ನಿನ ಚಾಕರಿಗೆ ಇರುವ ಫ್ಯಾನು. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತದೋ ಫ್ಯಾನಿಗೂ ಅಷ್ಟೇ ಜೋರು. ನಿಂತ ಲಾರಿಯ ಎಂಜಿನ್ ನಿಮಿಷಕ್ಕೆ 600-700 ಸುತ್ತು ತಿರುಗುತ್ತಿರುತ್ತದೆ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಅದು ಎಳೆಯುವ ಗಾಳಿಯೂ ಅರ್ಧವಾಗುತ್ತದೆ.

ಇದರ ನಡುವೆ ಫ್ಯಾನ್ ಕ್ಲಚ್ ಎಂಬ ಇನ್ನೊಂದು ಅಡ್ಡಿ ಇದೆ. ಹಲವು ಗಾಡಿಗಳಲ್ಲಿ ಫ್ಯಾನು ಎಂಜಿನ್ನಿಗೆ ನೇರವಾಗಿ ಬಿಗಿದುಕೊಂಡಿರುವುದಿಲ್ಲ. ನಡುವೆ ಮಂದವಾದ ಸಿಲಿಕೋನ್ ಎಣ್ಣೆ ತುಂಬಿದ ಕ್ಲಚ್ ಇರುತ್ತದೆ. ರೇಡಿಯೇಟರ್ ದಾಟಿ ಬರುವ ಗಾಳಿ ಚೆನ್ನಾಗಿ ಕಾದಾಗ ಮಾತ್ರ ಅದರ ಮುಂದಿನ ಲೋಹದ ಸ್ಪ್ರಿಂಗ್ ತಿರುಚಿಕೊಂಡು ಎಣ್ಣೆಗೆ ದಾರಿ ಬಿಡುತ್ತದೆ, ಆಗ ಫ್ಯಾನು ಬಿಗಿಯಾಗಿ ಹಿಡಿದು ತಿರುಗುತ್ತದೆ. ಡೀಸೆಲ್ ಉಳಿಸಲು ಇದು ಒಳ್ಳೆಯ ಉಪಾಯ. ಆದರೆ ಪಾಳಿಯಲ್ಲಿ ನಿಂತ ಡೀಸೆಲ್ ಎಂಜಿನ್ ಅಷ್ಟೇನೂ ಕಾಯುವುದಿಲ್ಲ. ಕ್ಲಚ್ ಜಾರುತ್ತಲೇ ಇರುತ್ತದೆ. ಎಂಜಿನ್ನಿಗೆ ಗಾಳಿ ಬೇಡವಾದ ಆ ಹೊತ್ತಿನಲ್ಲೇ ಕಂಡೆನ್ಸರಿಗೆ ಗಾಳಿ ತುರ್ತಾಗಿ ಬೇಕಿರುತ್ತದೆ.

ಗಾಡಿ ಗಂಟೆಗೆ 60 ಕಿ.ಮೀ. ಓಡುವಾಗ ಪ್ರಶ್ನೆಯೇ ಇಲ್ಲ. ಸೆಕೆಂಡಿಗೆ 16 ಮೀಟರ್ ದಾಟಿದ ಗಾಳಿ ಜಾಲರಿಗೆ ಬಂದು ಬಡಿಯುತ್ತಿರುತ್ತದೆ. ನಿಂತಾಗ ಆ ಗಾಳಿಯನ್ನು ಒದಗಿಸುವವರು ಯಾರು? ಬ್ಯಾಟರಿಯಿಂದ ತಿರುಗುವ, ಎಂಜಿನ್ನಿನ ವೇಗಕ್ಕೆ ಕಟ್ಟುಬೀಳದ ಒಂದು ಎಲೆಕ್ಟ್ರಿಕ್ ಫ್ಯಾನು. ಅನೇಕ ಕಾರುಗಳಲ್ಲಿ ಅದು ಕಂಪನಿಯಿಂದಲೇ ಬರುತ್ತದೆ. ಮಾಳಿಗೆಯ ಮೇಲೆ ಕಂಡೆನ್ಸರ್ ಇಟ್ಟ ಬಸ್ಸುಗಳಲ್ಲೂ ಅದೇ ಏರ್ಪಾಟು. ಆಮೇಲೆ ಎಸಿ ಕೂರಿಸಿದ ಲಾರಿಗಳಲ್ಲಿ ಮಾತ್ರ ಕೆಲವೊಮ್ಮೆ ಇದನ್ನೇ ಬಿಟ್ಟುಬಿಟ್ಟಿರುತ್ತಾರೆ.

ಮೊದಲು ಗೇಜು, ನೀರು, ಹಾಳೆ

ಫ್ಯಾನು ಹಚ್ಚುವ ಮುಂಚೆ ರೋಗ ಅದೇ ಹೌದೋ ಎಂದು ಖಚಿತ ಮಾಡಿಕೊಳ್ಳಬೇಕು. ಗೇಜು ಹಚ್ಚಿ, ಎಂಜಿನ್ ಚಾಲೂ ಇಟ್ಟು, ಗಾಡಿ ನಿಂತಲ್ಲೇ ಎರಡೂ ಕಡೆಯ ಒತ್ತಡ ನೋಡುತ್ತೇನೆ. ಗ್ಯಾಸ್ ಕಡಿಮೆಯಿದ್ದರೆ ಸಾಮಾನ್ಯವಾಗಿ ಎರಡೂ ಮುಳ್ಳು ಕೆಳಗಿರುತ್ತವೆ. ಎರಡೂ ಮೇಲೆ ಹೋಗಿ ಕೂತಿದ್ದರೆ ಒಂದು ಬಕೆಟ್ ನೀರು ತರಿಸಿ ಕಂಡೆನ್ಸರಿನ ಮೇಲೆ ಮೆಲ್ಲಗೆ ಚಿಮುಕಿಸುತ್ತೇನೆ. ನೀರು ಬಿದ್ದೊಡನೆ ಮುಳ್ಳು ಸರ್ರನೆ ಇಳಿದು, ಒಳಗೆ ತಂಪು ಬರತೊಡಗಿದರೆ ಕಂಪ್ರೆಸರ್ ಗಟ್ಟಿಯಿದೆ, ಬಿಸಿ ಇಳಿಯಲು ದಾರಿ ಮಾತ್ರ ಇಲ್ಲ ಎಂದು ಗೊತ್ತಾಗುತ್ತದೆ. ಇದು ಪರೀಕ್ಷೆಯಷ್ಟೇ. ಇದನ್ನೇ ಮದ್ದು ಮಾಡಿಕೊಂಡು ದಿನಾ ಬೋರಿನ ಗಡಸು ನೀರು ಎರಚಿದರೆ ಸುಣ್ಣದ ಪದರ ಕಟ್ಟಿ ಇದ್ದ ಗಾಳಿಯ ದಾರಿಯೂ ಮುಚ್ಚಿಹೋಗುತ್ತದೆ.

ಇನ್ನೊಂದು ಪರೀಕ್ಷೆಗೆ ಒಂದು ಹಾಳೆ ಸಾಕು. ನಿಂತ ಗಾಡಿಯ ಮುಂದಿನ ಜಾಲರಿಗೆ ಹಾಳೆ ಹಿಡಿದರೆ ಅದು ಅಂಟಿಕೊಳ್ಳಬೇಕು. ಕೈಬಿಟ್ಟೊಡನೆ ಜಾರಿ ಬಿದ್ದರೆ ಒಳಗೆ ಎಳೆತವಿಲ್ಲ.

ಎಳೆತವಿಲ್ಲದಿರಲು ಫ್ಯಾನೇ ಕಾರಣವಾಗಬೇಕೆಂದಿಲ್ಲ. ನಮ್ಮ ಕಡೆ ಎಲ್ಲಕ್ಕೂ ಮೊದಲ ಅಪರಾಧಿ ಅದಿರಿನ ಕೆಂಪು ಧೂಳು. ಕಂಡೆನ್ಸರಿನ ತೆಳ್ಳನೆ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಅದು ಎಣ್ಣೆ ಪಸೆಯೊಡನೆ ಕಲೆತು ಗಾರೆಯಂತೆ ಗಟ್ಟಿಯಾಗುತ್ತದೆ. ಎದುರಿನಿಂದ ನೋಡಿದರೆ ಚೊಕ್ಕ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿದರೆ ಮಣ್ಣಿನ ಗೋಡೆ. ಅದನ್ನು ಹಿಂದಿನಿಂದ ಮುಂದಕ್ಕೆ, ಸಣ್ಣ ಒತ್ತಡದ ನೀರಿನಲ್ಲಿ ತೊಳೆಯಬೇಕು. ವಾಟರ್ ಸರ್ವಿಸಿನ ಗನ್ನು ಹಿಡಿದು ಹೊಡೆದರೆ ರೆಕ್ಕೆಗಳೆಲ್ಲ ಮಡಚಿ ಬೀಳುತ್ತವೆ.

ಆಮೇಲಿನದು ಸಂದುಗಳು. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಪಕ್ಕದಲ್ಲಿ ಎರಡು ಬೆರಳು ಸಂದಿದ್ದರೆ ಎಂಜಿನ್ ಫ್ಯಾನು ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತದೆ, ಕಂಡೆನ್ಸರಿನ ಮೂಲಕ ಎಳೆಯುವುದಿಲ್ಲ. ಬಂಪರಿನ ಕೆಳಗಿನಿಂದ ಎಂಜಿನ್ನಿನ ಬಿಸಿ ಗಾಳಿಯೇ ಸುತ್ತಿ ಬಂದು ಮತ್ತೆ ಮುಂದಿನಿಂದ ಒಳಹೊಗುವುದೂ ಉಂಟು. ಗಟ್ಟಿ ಫೋಮ್ ಅಥವಾ ರಬ್ಬರ್ ಪಟ್ಟಿಯಿಂದ ಈ ಸಂದುಗಳನ್ನು ಮುಚ್ಚಿದರೆ ಅಲ್ಪ ಖರ್ಚಿನಲ್ಲಿ ದೊಡ್ಡ ಲಾಭ.

ಫ್ಯಾನು ಕೂರಿಸುವ ಬಗೆ

ಲಾರಿಯಲ್ಲಿ ರೇಡಿಯೇಟರಿನ ಹಿಂದೆ ಎಂಜಿನ್ ಫ್ಯಾನು ಇರುವುದರಿಂದ ಎಲೆಕ್ಟ್ರಿಕ್ ಫ್ಯಾನಿಗೆ ಜಾಗ ಸಿಗುವುದು ಕಂಡೆನ್ಸರಿನ ಮುಂದೆ. ಮುಂದಿನಿಂದ ಗಾಳಿ ತಳ್ಳುವ ಫ್ಯಾನೇ ಬೇಕು. ಎಳೆಯುವ ಫ್ಯಾನನ್ನು ತಂದು ವೈರು ಅದಲುಬದಲು ಮಾಡಿ ಕೂರಿಸಿದರೆ ಅದು ತಿರುಗುತ್ತದೆ, ಆದರೆ ರೆಕ್ಕೆಯ ಬಾಗು ಉಲ್ಟಾ ಆದ್ದರಿಂದ ಗಾಳಿ ಸಾಲದು. ಇದಕ್ಕಿಂತ ಕೆಟ್ಟದ್ದು, ಎಲ್ಲೋ ದಾರಿಯಲ್ಲಿ ಹಚ್ಚಿಸಿಕೊಂಡ ಫ್ಯಾನು ಗಾಳಿಯನ್ನು ಹೊರಕ್ಕೆ ಊದುತ್ತ, ಒಳಗಿನ ಎಂಜಿನ್ ಫ್ಯಾನಿನೊಡನೆ ಜಗಳಕ್ಕೆ ನಿಂತಿರುವುದು. ಅಂಥ ಗಾಡಿಗಳನ್ನು ಕಂಡಿದ್ದೇನೆ. ಅದೇ ಹಾಳೆ ಹಿಡಿದು ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಜಾಲರಿಗೂ ಕಂಡೆನ್ಸರಿಗೂ ನಡುವೆ ಎಷ್ಟು ಅಂತರವಿದೆ ಎಂದು ಅಳೆದೇ ಫ್ಯಾನು ಕೊಳ್ಳಬೇಕು. ಒಂದು ದೊಡ್ಡದು ಹಿಡಿಸದಿದ್ದರೆ ಎರಡು ಚಿಕ್ಕವು. ಪ್ಲಾಸ್ಟಿಕ್ ಟ್ಯಾಗನ್ನು ಕಂಡೆನ್ಸರಿನ ರೆಕ್ಕೆಗಳೊಳಗೆ ತೂರಿಸಿ ಬಿಗಿಯುವ ಸುಲಭದ ದಾರಿ ಇದೆ. ನಾನು ಅದನ್ನು ಮಾಡುವುದಿಲ್ಲ. ಲಾರಿಯ ಅದುರಿಗೆ ಫ್ಯಾನು ಉಜ್ಜಿ ಉಜ್ಜಿ ಕೊಳವೆ ತೂತಾಗುತ್ತದೆ, ಇರುವ ಗ್ಯಾಸೂ ಹೋಗುತ್ತದೆ. ಪಟ್ಟಿ ಕಬ್ಬಿಣದ ಬ್ರಾಕೆಟ್ಟು ಮಾಡಿಸಿ ಚೌಕಟ್ಟಿಗೆ ಬೋಲ್ಟು ಹಾಕುವುದೇ ಸರಿ.

ಇನ್ನು ನನ್ನ ಮೂಲ ಕಸುಬು, ಕರೆಂಟು. ದೊಡ್ಡ ಲಾರಿಗಳು 24 ವೋಲ್ಟಿನವು. 12ರ ಎರಡು ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ. 12 ವೋಲ್ಟಿನ ಕಾರಿನ ಫ್ಯಾನು ಅಗ್ಗವಾಗಿ ಸಿಗುತ್ತದೆಂದು ಒಂದೇ ಬ್ಯಾಟರಿಯಿಂದ ಅದಕ್ಕೆ ಲೈನು ಎಳೆಯುವವರಿದ್ದಾರೆ. ಆ ಬ್ಯಾಟರಿ ದಿನವೂ ಬರಿದಾಗುತ್ತದೆ, ಜೊತೆಯದಕ್ಕೆ ಡೈನಮೋ ಅತಿಯಾಗಿ ಚಾರ್ಜ್ ಮಾಡುತ್ತದೆ, ಕೊನೆಗೆ ಎರಡೂ ಕೆಡುತ್ತವೆ. 24ರ ಗಾಡಿಗೆ 24ರ ಫ್ಯಾನೇ ಬೇಕು. ಅದರಲ್ಲಿ ಇನ್ನೊಂದು ಅನುಕೂಲವಿದೆ: 240 ವ್ಯಾಟಿನ ಫ್ಯಾನು 12 ವೋಲ್ಟಿನಲ್ಲಿ 20 ಆಂಪಿಯರ್ ಎಳೆದರೆ 24ರಲ್ಲಿ 10 ಸಾಕು.

ಆ ಕರೆಂಟನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ಹರಿಸಿದರೆ ಸ್ವಿಚ್ಚು ಸುಟ್ಟುಹೋಗುತ್ತದೆ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ರಿಲೇ, ರಿಲೇಯಿಂದ ಫ್ಯಾನು. ಅರ್ಥಿಂಗ್ ವೈರು ತುಕ್ಕು ಕೆರೆದ ಚಾಸಿಗೆ. ರಿಲೇಯನ್ನು ಎಬ್ಬಿಸಲು ಎರಡು ದಾರಿ. ಕಂಪ್ರೆಸರ್ ಕ್ಲಚ್ಚಿನ ಲೈನಿಗೆ ಜೋಡಿಸಿದರೆ ಕಂಪ್ರೆಸರ್ ಹಿಡಿದಾಗಲೆಲ್ಲ ಫ್ಯಾನೂ ತಿರುಗುತ್ತದೆ. ಸರಳ ಕೆಲಸ, ಆದರೆ ಹೆದ್ದಾರಿಯಲ್ಲೂ ಸುಮ್ಮನೆ ತಿರುಗಿ ಮೋಟರಿನ ಆಯುಷ್ಯ ಸವೆಯುತ್ತದೆ. ನನಗೆ ಹಿಡಿಸುವುದು ಮೂರು ಕೆಲಸದ ಪ್ರೆಶರ್ ಸ್ವಿಚ್ಚು. ಗ್ಯಾಸ್ ತೀರ ಕಡಿಮೆಯಾದರೂ, ಒತ್ತಡ ಮಿತಿಮೀರಿದರೂ ಅದು ಕಂಪ್ರೆಸರನ್ನು ನಿಲ್ಲಿಸುತ್ತದೆ. ನಡುವೆ 220-250 ಪಿಎಸ್‌ಐ ಆಸುಪಾಸಿನಲ್ಲಿ ಫ್ಯಾನನ್ನು ಚಾಲೂ ಮಾಡುತ್ತದೆ. ಗಾಡಿ ಓಡತೊಡಗಿ ಒತ್ತಡ ಇಳಿದರೆ ಫ್ಯಾನು ತಾನೇ ನಿಲ್ಲುತ್ತದೆ. ಚಾಲಕ ಯಾವ ಬಟನ್ನನ್ನೂ ಮುಟ್ಟಬೇಕಿಲ್ಲ.

ಒಂದು ಗಾಡಿಯ ಲೆಕ್ಕ

ಕೊಪ್ಪಳ ಕಡೆಯ ಹತ್ತು ಚಕ್ರದ ಲಾರಿಯೊಂದು ಮೇ ತಿಂಗಳ ಮಧ್ಯಾಹ್ನ ಬಂದಿತ್ತು. ಹೊರಗೆ 40 ಡಿಗ್ರಿ. ನಿಂತಲ್ಲೇ ನೋಡಿದಾಗ ಕಂಡೆನ್ಸರಿನ ಕಡೆಯ ಮೇಲಿನ ಒತ್ತಡ 340 ಪಿಎಸ್‌ಐ, ಕಾಯಿಲಿನ ಕಡೆಯ ಕೆಳಗಿನದು 55, ಒಳಗಿನ ಜಾಲರಿಯಿಂದ ಬರುವ ಗಾಳಿ 24 ಡಿಗ್ರಿ. ಬೇರೆ ಕಡೆ ಆಗಲೇ ಗ್ಯಾಸ್ ತುಂಬಿಸಿಕೊಂಡು ಬಂದಿದ್ದರು. ಮಿಷನ್ನಿನಲ್ಲಿ ಗ್ಯಾಸನ್ನೆಲ್ಲ ವಾಪಸು ತೆಗೆದು, ತೂಕ ಮಾಡಿ ಕಂಪನಿ ಹೇಳಿದಷ್ಟೇ ಹಾಕಿ, ಕಂಡೆನ್ಸರ್ ತೊಳೆದಾಗ ಮೇಲಿನ ಮುಳ್ಳು 300ಕ್ಕೆ ಇಳಿಯಿತು. ಸಂದುಗಳನ್ನು ಮುಚ್ಚಿದ ಮೇಲೆ ಇನ್ನೊಂದಿಷ್ಟು. ಫ್ಯಾನು ಹಚ್ಚಿ ಚಾಲೂ ಮಾಡಿದಾಗ 230ರಲ್ಲಿ ನಿಂತಿತು, ಕೆಳಗಿನದು 38ಕ್ಕೆ ಬಂತು, ಒಳಗಿನ ಗಾಳಿ 14 ಡಿಗ್ರಿ. ಚಾಲಕ ಮುಖ ಒಡ್ಡಿ ಕೂತವನು, "ಈಗ ಕ್ಲೀನರ್ ಬೈಯೋದು ಬಿಡ್ತಾನ ನೋಡ್ರಿ" ಎಂದ.

ಈ ಲಾಭ ಚಾಲಕನ ಮುಖಕ್ಕೆ ಮಾತ್ರವಲ್ಲ. 340ರ ಬದಲು 230ರ ಎದುರು ದುಡಿಯುವ ಕಂಪ್ರೆಸರಿಗೆ, ಅದರ ಬೆಲ್ಟಿಗೆ, ಕ್ಲಚ್ ಬೇರಿಂಗಿಗೆ ಹೊರೆ ಇಳಿಯುತ್ತದೆ. ಹೆಚ್ಚಿದ್ದ ಗ್ಯಾಸನ್ನು ಗಾಳಿಗೆ ಬಿಡದೆ ಮಿಷನ್ನಿನಲ್ಲೇ ಹಿಡಿದದ್ದಕ್ಕೂ ಕಾರಣವಿದೆ. ಒಂದು ಕೆಜಿ ಆರ್-134ಎ ನೂರು ವರ್ಷಗಳಲ್ಲಿ ಭೂಮಿಯನ್ನು ಬಿಸಿಮಾಡುವ ಪ್ರಮಾಣ ಸುಮಾರು 1,400 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. 2016ರ ಕಿಗಾಲಿ ಒಪ್ಪಂದದಡಿ ಇಂಥ ಅನಿಲಗಳನ್ನು ಹಂತಹಂತವಾಗಿ ಇಳಿಸಲು ಭಾರತವೂ 2021ರಲ್ಲಿ ಒಪ್ಪಿದೆ.

ಫ್ಯಾನಿನಿಂದ ಆಗದ್ದು

ಸೋರುವ ಪೈಪು, ಸವೆದ ಕಂಪ್ರೆಸರು, ಒಳಗೇ ಕಟ್ಟಿಕೊಂಡ ಕಂಡೆನ್ಸರು, ಇವಕ್ಕೆ ಫ್ಯಾನು ಮದ್ದಲ್ಲ. ಫ್ಯಾನ್ ಕ್ಲಚ್ ಪೂರ್ತಿ ಸತ್ತಿದ್ದರೆ ಅದನ್ನೇ ಬದಲಿಸಬೇಕು, ಇಲ್ಲವಾದರೆ ಏರಿನಲ್ಲಿ ಎಂಜಿನ್ ಕಾಯುತ್ತದೆ. ಹೀಟರಿನ ಬಿಸಿನೀರಿನ ಕಾಕು ಸರಿಯಾಗಿ ಮುಚ್ಚದೆ ಕ್ಯಾಬಿನ್ ಕಾಯುತ್ತಿದ್ದರೂ, ಬಾಗಿಲ ರಬ್ಬರು ಹರಿದಿದ್ದರೂ ಮೊದಲು ಅದು ಸರಿಯಾಗಬೇಕು. ಹೊರಗಿನ ಗಾಳಿ ಎಳೆಯುವ ಬಾಗಿಲನ್ನು ಮುಚ್ಚಿ ಒಳಗಿನ ಗಾಳಿಯನ್ನೇ ಸುತ್ತಿಸಿದರೆ ಧೂಳೂ ಕಡಿಮೆ, ತಂಪೂ ಬೇಗ. ಆದರೆ ನಡುನಡುವೆ ಹೊಸ ಗಾಳಿ ಬಿಡಬೇಕು. ಮುಚ್ಚಿದ ಗಾಳಿಯಲ್ಲಿ ತೂಕಡಿಕೆ ಬರುತ್ತದೆ.

ಮಲಗುವ ಚಾಲಕನಿಗೂ ಈ ಫ್ಯಾನು ಉಪಯೋಗವಿಲ್ಲ. ಎಂಜಿನ್ ಆರಿಸಿದರೆ ಕಂಪ್ರೆಸರೇ ನಿಲ್ಲುತ್ತದೆ. ಎಸಿಗಾಗಿ ಎಂಜಿನ್ ಚಾಲೂ ಇಟ್ಟು ಬಾಗಿಲು ಮುಚ್ಚಿ ಮಲಗುವುದು ಅಪಾಯ. ಹೊಗೆ ಒಳಸೇರಿದರೆ ಎಚ್ಚರವೇ ಆಗದು. ಬ್ಯಾಟರಿಯಿಂದ ನಡೆಯುವ ಪಾರ್ಕಿಂಗ್ ಎಸಿ ಬೇರೆಯೇ ಸಾಮಾನು.

"ಎಸಿ ಹಾಕಿದ್ರ ಡ್ರೈವರು ಸ್ಟೇರಿಂಗ್ ಮ್ಯಾಲೆ ಮಲಗ್ತಾನ" ಎನ್ನುವ ಸಾವ್ಕಾರ್ರು ಈಗಲೂ ಸಿಗುತ್ತಾರೆ. ಹತ್ತು-ಹನ್ನೆರಡು ತಾಸು ಬಿಸಿಯಲ್ಲಿ ಬೆಂದವನ ಕಣ್ಣು ಎಳೆಯುವುದು ತಂಪಿನಿಂದಲ್ಲ, ದಣಿವಿನಿಂದ ಎಂದು ಅವರಿಗೆ ಹೇಳುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಬಿಲ್ಲು ನೋಡಿ ಸುಮ್ಮನಾಗುತ್ತಾರೆ. ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸುವ ಖರ್ಚನ್ನು ಫ್ಯಾನಿನ ಖರ್ಚಿನ ಪಕ್ಕ ಬರೆದು ತೋರಿಸಿದರೆ ಮಾತ್ರ ಮಾತು ಮುಂದುವರಿಯುತ್ತದೆ.

ಕಾನೂನು ಲಾರಿಗೆ ಎಸಿ ಕೊಟ್ಟಿದೆ. ಅದನ್ನು ಕಾಟಾದ ಮುಂದೆಯೂ ದುಡಿಸುವುದು ಮಾಲೀಕ, ಚಾಲಕ, ಮೇಸ್ತ್ರಿ ಮೂವರ ಕೆಲಸ. ಆದ್ದರಿಂದ ಎಸಿ ನಿಂತಾಗ ಮಾತ್ರ ಕೈಕೊಡುತ್ತಿದ್ದರೆ ಅಂಗಡಿಯಲ್ಲಿ ಮೂರು ಮಾತು ಕೇಳಿ: ನಿಂತಲ್ಲಿ ಒತ್ತಡ ಎಷ್ಟಿದೆ, ಕಂಡೆನ್ಸರಿನ ಹಿಂಬದಿ ಚೊಕ್ಕ ಇದೆಯೋ, ಜಾಲರಿಗೆ ಹಾಳೆ ಅಂಟುತ್ತದೆಯೋ. ಇಷ್ಟನ್ನೂ ನೋಡದೆ ಗ್ಯಾಸಿನ ಸಿಲಿಂಡರಿಗೆ ಕೈ ಹಾಕಿದರೆ ಕೀಲಿ ತೆಗೆದುಕೊಂಡು ಮುಂದಿನ ಅಂಗಡಿಗೆ ನಡೆಯಿರಿ.